ಗಣಕಯಂತ್ರದ ಕನಸುಗಾರ ಚಾರ್ಲ್ಸ್ ಬ್ಯಾಬೇಜ್

ಅದು 1821ನೆಯ ಇಸವಿ. ಲಂಡನ್ ನಗರದಲ್ಲಿ ಇಬ್ಬರು ತರುಣ ಗಣಿತಜ್ಞರು ಎದುರುಬದುರಾಗಿ ಕುಳಿತು ಎರಡು ಹಸ್ತಪ್ರತಿಗಳನ್ನು ಹೋಲಿಸಿ ನೋಡುತ್ತಿದ್ದರು. ಆಕಾಶಕಾಯಗಳ ಸ್ಥಾನವನ್ನು ತಿಳಿಸುವ ಒಂದೇ ಕೋಷ್ಟಕವನ್ನು ಇಬ್ಬರು ಲೆಕ್ಕಿಗರು ಬೇರೆಬೇರೆಯಾಗಿ ಸಿದ್ಧಪಡಿಸಿಕೊಟ್ಟಿದ್ದರು. ಎರಡೂ ಒಂದೇ ಆಗಿರಬೇಕಾಗಿತ್ತು. ಆದರೆ ಸಾಲುಸಾಲಿನಲ್ಲಿಯೂ ವ್ಯತ್ಯಾಸಗಳು ಕಾಣುತ್ತಿದ್ದವು. ಒಂದು ತಪ್ಪನ್ನು ತಿದ್ದುವಷ್ಟರಲ್ಲಿ ಮತ್ತೊಂದು ತಲೆಯೆತ್ತುತ್ತಿತ್ತು. ಬಹಳ ಹೊತ್ತು ಹೀಗೆ ದುಡಿದು ಬೇಸತ್ತ ಅವರಲ್ಲೊಬ್ಬನು, ಈ ಲೆಕ್ಕಗಳನ್ನೆಲ್ಲ ಉಗಿಯ ಬಲದಿಂದ ಮಾಡಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಉದ್ಗರಿಸಿದನು. ಅದು ಆಗದ ಕೆಲಸವಲ್ಲ ಎಂದು ಗೆಳೆಯನು ಶಾಂತವಾಗಿ ಉತ್ತರಿಸಿದನು. ಉದ್ಗಾರವೆತ್ತಿದವನು ಚಾರ್ಲ್ಸ್ ಬ್ಯಾಬೇಜ್. ಉತ್ತರ ಕೊಟ್ಟವನು ಜಾನ್ ಹರ್ಷೆಲ್. ಬೇಸರದಿಂದ ಹುಟ್ಟಿದ ಆ ಮಾತು ಬ್ಯಾಬೇಜನ ಉಳಿದ ಐವತ್ತು ವರ್ಷಗಳ ಆಯುಷ್ಯವನ್ನೇ ಆಳಿತು.

ಅಂದಿನ ಕಾಲದಲ್ಲಿ ಕಂಪ್ಯೂಟರ್ ಎಂಬುದು ಯಂತ್ರದ ಹೆಸರಾಗಿರಲಿಲ್ಲ. ಲೆಕ್ಕ ಮಾಡುವ ಮನುಷ್ಯನನ್ನು ಇಂಗ್ಲಿಷರು ಆ ಹೆಸರಿನಿಂದ ಕರೆಯುತ್ತಿದ್ದರು. ಕಡಲಿನಲ್ಲಿ ಹೋಗುವ ನಾವಿಕ, ಭೂಮಿಯನ್ನು ಅಳೆಯುವ ಮೋಜಣಿದಾರ, ಬಡ್ಡಿಯ ಲೆಕ್ಕ ಹಾಕುವ ವರ್ತಕ, ಇವರೆಲ್ಲರೂ ಅಂತಹ ಲೆಕ್ಕಿಗರು ತಯಾರಿಸಿದ ಕೋಷ್ಟಕಗಳ ಪುಸ್ತಕಗಳನ್ನೇ ನಂಬಿಕೊಂಡಿದ್ದರು. ಲೆಕ್ಕ ಮಾಡುವಾಗ ಒಂದು ತಪ್ಪು, ಅದನ್ನು ನಕಲು ಮಾಡುವಾಗ ಮತ್ತೊಂದು, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವಾಗ ಇನ್ನೊಂದು, ಹೀಗೆ ತಪ್ಪುಗಳು ಆ ಪುಸ್ತಕಗಳಲ್ಲಿ ನುಸುಳುತ್ತಿದ್ದವು. ಒಂದು ಅಂಕಿ ಕೆಟ್ಟರೆ ನಡುಗಡಲಿನ ನೌಕೆ ದಿಕ್ಕುತಪ್ಪಿ ಬಂಡೆಗೆ ಬಡಿಯಬಹುದಾಗಿತ್ತು. ಆದಕಾರಣ ಬ್ಯಾಬೇಜನ ಬೇಸರವು ಕೇವಲ ವಿದ್ವಾಂಸನೊಬ್ಬನ ಬೇಸರವಾಗಿರಲಿಲ್ಲ. ಅದರ ಹಿಂದೆ ಅನೇಕರ ಪ್ರಾಣದ ಪ್ರಶ್ನೆಯಿತ್ತು.

ಚಾರ್ಲ್ಸ್ ಬ್ಯಾಬೇಜನು 1791ನೆಯ ಇಸವಿ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ಜನಿಸಿದನು. ಆತನ ತಂದೆ ಬೆಂಜಮಿನ್ ಬ್ಯಾಬೇಜನು ಧನಿಕನಾದ ಬ್ಯಾಂಕ್ ವ್ಯವಹಾರಸ್ಥ. ಹುಡುಗನ ದೇಹಸ್ಥಿತಿ ಚೆನ್ನಾಗಿರಲಿಲ್ಲ. ತೀವ್ರವಾದ ಜ್ವರದಿಂದ ನರಳಿದ ಮಗನನ್ನು ಹಳ್ಳಿಗಾಡಿನ ಶಾಲೆಯೊಂದಕ್ಕೆ ಸೇರಿಸಿ, ಅವನ ಮೆದುಳಿಗೆ ಹೆಚ್ಚು ಶ್ರಮ ಕೊಡಬಾರದೆಂದು ಗುರುಗಳಿಗೆ ಹೇಳಲಾಗಿತ್ತು. ಆದರೆ ಆ ಮೆದುಳು ಸುಮ್ಮನಿರುವಂತಹುದಲ್ಲ. ಹೊಸ ಆಟಿಕೆ ಕೈಗೆ ಬಂದೊಡನೆ ಅದರೊಳಗೆ ಏನಿದೆ ಎಂದು ಬಾಲಕನು ತಾಯಿಯನ್ನು ಕೇಳುತ್ತಿದ್ದನು. ಉತ್ತರ ತೃಪ್ತಿಕರವಾಗಿ ತೋರದಿದ್ದರೆ ಆಟಿಕೆಯನ್ನೇ ಒಡೆದು ನೋಡುತ್ತಿದ್ದನು. ಒಮ್ಮೆ ತಾಯಿಯು ಅವನನ್ನು ಯಂತ್ರದ ಬೊಂಬೆಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಕಂಡ ಬೆಳ್ಳಿಯ ನರ್ತಕಿಯೊಂದು ಅವನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಎಷ್ಟೋ ವರ್ಷಗಳ ಮೇಲೆ ಅದೇ ಬೊಂಬೆಯು ಹರಾಜಿಗೆ ಬಂದಾಗ ಬ್ಯಾಬೇಜನು ಅದನ್ನು ಕೊಂಡು, ದುರಸ್ತಿ ಮಾಡಿ, ತನ್ನ ಮನೆಯಲ್ಲಿ ಇರಿಸಿಕೊಂಡನು.

ಮುಂದೆ ಎನ್‌ಫೀಲ್ಡ್ ಎಂಬಲ್ಲಿಯ ಶಾಲೆಯಲ್ಲಿ ಓದುತ್ತಿದ್ದಾಗ ಅವನಿಗೆ ಬೀಜಗಣಿತದ ರುಚಿ ಹತ್ತಿತು. ಹಗಲಿನ ಪಾಠಗಳು ಸಾಲದೆ, ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಗೆಳೆಯನೊಬ್ಬನೊಡನೆ ಗುಟ್ಟಾಗಿ ಓದುವ ಅಭ್ಯಾಸವಾಯಿತು. 1810ರಲ್ಲಿ ಅವನು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜನ್ನು ಸೇರುವ ವೇಳೆಗೆ ತನ್ನ ಅಧ್ಯಾಪಕರಿಗಿಂತ ಹೆಚ್ಚು ಓದಿಕೊಂಡಿದ್ದನು. ಯೂರೋಪಿನ ಇತರ ದೇಶಗಳಲ್ಲಿ ಗಣಿತವು ಬಹಳ ಮುಂದುವರಿದಿದ್ದರೂ ಕೇಂಬ್ರಿಡ್ಜು ಹಳೆಯ ಪದ್ಧತಿಗೇ ಅಂಟಿಕೊಂಡಿತ್ತು. ಇದನ್ನು ಸರಿಪಡಿಸುವ ಸಲುವಾಗಿ ಬ್ಯಾಬೇಜ್, ಹರ್ಷೆಲ್ ಮತ್ತು ಜಾರ್ಜ್ ಪೀಕಾಕ್ ಎಂಬ ಗೆಳೆಯರು 1812ರಲ್ಲಿ ವಿಶ್ಲೇಷಣ ಸಂಘವೆಂಬ ಸಂಘವನ್ನು ಕಟ್ಟಿದರು. 1814ರಲ್ಲಿ ಬ್ಯಾಬೇಜನು ಪದವೀಧರನಾದನು. ಅದೇ ವರ್ಷ ಜಾರ್ಜಿಯಾನಾ ವಿಟ್‌ಮೋರ್ ಎಂಬ ಯುವತಿಯೊಡನೆ ಅವನ ವಿವಾಹವಾಯಿತು. 1816ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವುದಕ್ಕೆ ಮೊದಲೇ, ಇಂಗ್ಲೆಂಡಿನ ಅತ್ಯುನ್ನತ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯು ಅವನನ್ನು ಸದಸ್ಯನನ್ನಾಗಿ ಚುನಾಯಿಸಿತು.

ಯಂತ್ರದಿಂದ ಲೆಕ್ಕ ಮಾಡಿಸಬಹುದೆಂಬ ನಂಬಿಕೆ ಅವನಿಗೆ ಬಂದುದು ಹೇಗೆ? ಫ್ರಾನ್ಸಿನ ಮಹಾಕ್ರಾಂತಿಯ ನಂತರ ದ ಪ್ರೋನಿ ಎಂಬ ಎಂಜಿನಿಯರನು ಬೃಹತ್ತಾದ ಕೋಷ್ಟಕಗಳನ್ನು ತಯಾರಿಸುವ ಹೊಣೆ ಹೊತ್ತಿದ್ದನು. ಆತನು ಲೆಕ್ಕಿಗರನ್ನು ಮೂರು ತಂಡಗಳನ್ನಾಗಿ ವಿಂಗಡಿಸಿದನು. ಮೊದಲನೆಯ ತಂಡದಲ್ಲಿದ್ದ ಕೆಲವೇ ಗಣಿತಜ್ಞರು ಸೂತ್ರಗಳನ್ನು ಆರಿಸುತ್ತಿದ್ದರು. ಎರಡನೆಯ ತಂಡದವರು ಆ ಸೂತ್ರಗಳನ್ನು ಸುಲಭವಾದ ಹೆಜ್ಜೆಗಳನ್ನಾಗಿ ಬಿಡಿಸುತ್ತಿದ್ದರು. ಮೂರನೆಯ ತಂಡದವರು ಕೂಡುವುದು, ಕಳೆಯುವುದು, ಇವೆರಡನ್ನೇ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅದಕ್ಕಿಂತ ಹೆಚ್ಚಿನ ಗಣಿತ ತಿಳಿದಿರಲಿಲ್ಲ. ಆದರೂ ಅವರ ಲೆಕ್ಕಗಳು ಸರಿಯಾಗಿರುತ್ತಿದ್ದವು. ಪ್ಯಾರಿಸ್ಸಿಗೆ ಹೋಗಿದ್ದಾಗ ಈ ವ್ಯವಸ್ಥೆಯನ್ನು ಅರಿತ ಬ್ಯಾಬೇಜನಿಗೆ ಒಂದು ಸತ್ಯ ಹೊಳೆಯಿತು. ಎಂತಹ ಕಠಿಣವಾದ ಲೆಕ್ಕವನ್ನಾದರೂ ಚಿಕ್ಕಚಿಕ್ಕ ಹೆಜ್ಜೆಗಳನ್ನಾಗಿ ಒಡೆದರೆ, ಆ ಹೆಜ್ಜೆಗಳನ್ನು ಇಡಲು ವಿಚಾರಶಕ್ತಿ ಬೇಕಾಗುವುದಿಲ್ಲ. ತಪ್ಪದೆ ಪಾಲಿಸುವ ಗುಣವೊಂದಿದ್ದರೆ ಸಾಕು. ಆ ಗುಣವು ಮನುಷ್ಯನಿಗಿಂತ ಯಂತ್ರದಲ್ಲಿ ಹೆಚ್ಚು. ಕಂಪ್ಯೂಟರಿನ ಪ್ರೋಗ್ರಾಂ ಎಂದು ಇಂದು ಕರೆಯುವುದರ ತಿರುಳು ಇದೇ. ಮಾಡಬೇಕಾದ ಕೆಲಸವನ್ನು ಒಂದಾದ ಮೇಲೊಂದು ಹೆಜ್ಜೆಯಾಗಿ ಬಿಡಿಸಿ ಬರೆದ ಆದೇಶಗಳ ಸರಣಿಯೇ ಪ್ರೋಗ್ರಾಂ.

ಬ್ಯಾಬೇಜನು ಮೊದಲು ಯೋಜಿಸಿದ ಯಂತ್ರಕ್ಕೆ ವ್ಯತ್ಯಾಸಯಂತ್ರವೆಂದು ಹೆಸರು. ಅದರ ತತ್ತ್ವ ಬಹಳ ಸರಳವಾದುದು. 1, 4, 9, 16, 25 ಎಂಬ ವರ್ಗಸಂಖ್ಯೆಗಳನ್ನು ಗಮನಿಸಬಹುದು. ಇವುಗಳ ನಡುವಣ ವ್ಯತ್ಯಾಸಗಳು ಅನುಕ್ರಮವಾಗಿ 3, 5, 7, 9. ಈ ವ್ಯತ್ಯಾಸಗಳ ನಡುವಣ ವ್ಯತ್ಯಾಸವಾದರೋ ಎಲ್ಲೆಲ್ಲಿಯೂ 2. ಆದ್ದರಿಂದ ಮುಂದಿನ ವರ್ಗಸಂಖ್ಯೆಯನ್ನು ಪಡೆಯಲು ಗುಣಿಸಬೇಕಾದ ಅಗತ್ಯವೇ ಇಲ್ಲ. 9ಕ್ಕೆ 2ನ್ನು ಕೂಡಿದರೆ 11. 25ಕ್ಕೆ 11ನ್ನು ಕೂಡಿದರೆ 36. ಹೀಗೆ ಕೂಡುತ್ತಾ ಹೋದರೆ ಸಂಖ್ಯೆಗಳು ತಾವಾಗಿಯೇ ಬರುತ್ತವೆ. ಹಲ್ಲುಚಕ್ರಗಳ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಒಂದು ಕಂಬದ ಸಂಖ್ಯೆ ಮತ್ತೊಂದಕ್ಕೆ ಕೂಡುವಂತೆ ಏರ್ಪಡಿಸಿದರೆ, ಹಿಡಿಯನ್ನು ತಿರುಗಿಸಿದಷ್ಟೂ ಕೋಷ್ಟಕ ಬೆಳೆಯುತ್ತದೆ. ಉತ್ತರವನ್ನು ಯಂತ್ರವೇ ಅಚ್ಚಿಗೆ ಸಿದ್ಧಪಡಿಸಬೇಕೆಂಬುದು ಬ್ಯಾಬೇಜನ ಹಟವಾಗಿತ್ತು. ಏಕೆಂದರೆ ನಕಲು ಮಾಡುವ ಕೈಗಳೂ ಮೊಳೆ ಜೋಡಿಸುವ ಕೈಗಳೂ ನಡುವೆ ಬಾರದಿದ್ದರೆ ಮಾತ್ರ ತಪ್ಪಿನ ದಾರಿ ಪೂರ್ತಿಯಾಗಿ ಮುಚ್ಚುತ್ತಿತ್ತು. ಚಕ್ರಗಳು ತಪ್ಪಾದ ಸ್ಥಾನಕ್ಕೆ ಸರಿದರೆ ಯಂತ್ರವು ತಪ್ಪು ಉತ್ತರವನ್ನು ಕೊಡುವುದಕ್ಕೆ ಬದಲಾಗಿ ಬಿಗಿದು ನಿಂತುಬಿಡುವಂತೆಯೂ ಆತನು ಏರ್ಪಾಟು ಮಾಡಿದ್ದನು.

1822ರಲ್ಲಿ ಇದರ ಚಿಕ್ಕ ಮಾದರಿಯೊಂದು ಸಿದ್ಧವಾಯಿತು. ಖಗೋಳ ವಿಜ್ಞಾನ ಸಂಘವು ಅದನ್ನು ಮೆಚ್ಚಿ ಬ್ಯಾಬೇಜನಿಗೆ ಚಿನ್ನದ ಪದಕವನ್ನಿತ್ತಿತು. 1823ರಲ್ಲಿ ಸರ್ಕಾರವು ಮೊದಲ ಕಂತಾಗಿ 1500 ಪೌಂಡುಗಳನ್ನು ಕೊಟ್ಟಿತು. ಜೋಸೆಫ್ ಕ್ಲೆಮೆಂಟ್ ಎಂಬ ನಿಪುಣನಾದ ಕುಶಲಕರ್ಮಿಯು ಯಂತ್ರದ ಭಾಗಗಳನ್ನು ಮಾಡಿಕೊಡಲು ಒಪ್ಪಿದನು. ಆದರೆ ಅಂದಿನ ಕಾರ್ಯಾಗಾರಗಳಲ್ಲಿ ಒಂದರಂತೆ ಮತ್ತೊಂದಿರುವ ಸಾವಿರಾರು ಚಕ್ರಗಳನ್ನು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ತಯಾರಿಸುವುದು ಸುಲಭವಾಗಿರಲಿಲ್ಲ. ಅದಕ್ಕೆ ಬೇಕಾದ ಉಪಕರಣಗಳನ್ನೇ ಹೊಸದಾಗಿ ನಿರ್ಮಿಸಬೇಕಾಯಿತು. ವರ್ಷಗಳು ಉರುಳಿದವು, ಖರ್ಚು ಏರಿತು.

1827ನೆಯ ವರ್ಷವು ಬ್ಯಾಬೇಜನ ಪಾಲಿಗೆ ಸಿಡಿಲಿನಂತೆ ಬಂದಿತು. ಆ ಒಂದೇ ವರ್ಷದಲ್ಲಿ ಅವನ ತಂದೆ, ಮಗ ಚಾರ್ಲ್ಸ್, ಪ್ರೀತಿಯ ಮಡದಿ ಜಾರ್ಜಿಯಾನಾ, ಆಗ ತಾನೆ ಹುಟ್ಟಿದ ಕೂಸು, ಇವರೆಲ್ಲರೂ ತೀರಿಕೊಂಡರು. ದುಃಖದಿಂದ ಕುಗ್ಗಿದ ಅವನನ್ನು ಮಿತ್ರರು ಯೂರೋಪಿನ ಪ್ರವಾಸಕ್ಕೆ ಕಳುಹಿಸಿದರು. ಪ್ರವಾಸದಲ್ಲಿರುವಾಗಲೇ, 1828ರಲ್ಲಿ, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯವು ಹಿಂದೆ ನ್ಯೂಟನ್ನನು ಅಲಂಕರಿಸಿದ್ದ ಗಣಿತದ ಪ್ರಾಧ್ಯಾಪಕ ಪೀಠಕ್ಕೆ ಅವನನ್ನು ಆರಿಸಿತು. ಅವನಿಗೆ ಎಂಟು ಮಕ್ಕಳು ಜನಿಸಿದ್ದರೂ ಪ್ರಾಯಕ್ಕೆ ಬಂದು ಉಳಿದವರು ಮೂವರು ಗಂಡುಮಕ್ಕಳು ಮಾತ್ರ. ತಂದೆಯಿಂದ ಬಂದ ದೊಡ್ಡ ಆಸ್ತಿಯಿದ್ದುದರಿಂದ ಅವನು ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ ಲಂಡನ್ನಿಗೆ ಹಿಂದಿರುಗಿದ ಬ್ಯಾಬೇಜನು ಮತ್ತೆ ಯಂತ್ರದ ಕೆಲಸದಲ್ಲಿಯೇ ಮುಳುಗಿದನು.

1832ರಲ್ಲಿ ಯಂತ್ರದ ಒಂದು ಚಿಕ್ಕ ಅಂಶವು ಜೋಡಣೆಗೊಂಡು ಸೊಗಸಾಗಿ ಕೆಲಸ ಮಾಡಿತು. ಅದರಲ್ಲಿ ಸುಮಾರು 2000 ಬಿಡಿಭಾಗಗಳಿದ್ದವು. ಆದರೆ ಮರುವರ್ಷವೇ ಹಣದ ವಿಚಾರದಲ್ಲಿಯೂ ಕಾರ್ಯಾಗಾರವನ್ನು ಬ್ಯಾಬೇಜನ ಮನೆಯ ಬಳಿಗೆ ಸ್ಥಳಾಂತರಿಸುವ ವಿಚಾರದಲ್ಲಿಯೂ ಕ್ಲೆಮೆಂಟನೊಡನೆ ಜಗಳ ಬೆಳೆದು ಕೆಲಸ ನಿಂತಿತು. ಕೆಲಸಕ್ಕಾಗಿ ಮಾಡಿದ ಉಪಕರಣಗಳು ಕುಶಲಕರ್ಮಿಗೇ ಸೇರತಕ್ಕವು ಎಂಬುದು ಅಂದಿನ ರೂಢಿ. ಅದರಂತೆ ಕ್ಲೆಮೆಂಟನು ಅವುಗಳನ್ನು ತನ್ನಲ್ಲಿಯೇ ಉಳಿಸಿಕೊಂಡನು. ಅಲ್ಲಿಯವರೆಗೆ ಸಿದ್ಧವಾಗಿದ್ದ ಸಾವಿರಾರು ಭಾಗಗಳು ಜೋಡಣೆಯಾಗದೆ ಉಳಿದವು; ಮುಂದೆ ಅವುಗಳಲ್ಲಿ ಹೆಚ್ಚಿನವು ಗುಜರಿಯಾಗಿ ಕುಲುಮೆಯನ್ನು ಸೇರಿದವು.

ಇಂತಹ ಸೋಲಿನ ನಡುವೆಯೇ ಬ್ಯಾಬೇಜನ ಬುದ್ಧಿಯು ಇನ್ನೂ ದೊಡ್ಡ ನೆಗೆತವನ್ನು ನೆಗೆಯಿತು. 1834ರಲ್ಲಿ ಅವನಿಗೆ ಮತ್ತೊಂದು ಯಂತ್ರದ ಕಲ್ಪನೆ ಬಂದಿತು. ವ್ಯತ್ಯಾಸಯಂತ್ರವು ಒಂದೇ ಬಗೆಯ ಲೆಕ್ಕಕ್ಕೆ ಮೀಸಲಾದುದು. ಹೊಸ ಯಂತ್ರವಾದರೋ ಆದೇಶವನ್ನು ಬದಲಿಸಿದಂತೆ ಬೇರೆಬೇರೆ ಲೆಕ್ಕಗಳನ್ನು ಮಾಡತಕ್ಕದ್ದು. ಅದನ್ನು ಆತನು ವಿಶ್ಲೇಷಣಯಂತ್ರವೆಂದು ಕರೆದನು. ಇಂದಿನ ಕಂಪ್ಯೂಟರಿನ ಮುಖ್ಯ ಅಂಗಗಳೆಲ್ಲವೂ ಈ ಯಂತ್ರದ ನಕ್ಷೆಗಳಲ್ಲಿ ಕಾಣಿಸುತ್ತವೆ. ಕಂಪ್ಯೂಟರನ್ನು ಬಳಸುವವರ ನಾಲಗೆಯ ಮೇಲಿರುವ ಎಷ್ಟೋ ಮಾತುಗಳ ಅರ್ಥವು ಈ ಹಿತ್ತಾಳೆಯ ಚಕ್ರಗಳ ಮುಂದೆ ನಿಂತಾಗ ತಿಳಿಯಾಗುತ್ತದೆ.

ಬ್ಯಾಬೇಜನು ತನ್ನ ಯಂತ್ರದ ಅಂಗಗಳಿಗೆ ಹೆಸರಿಡಲು ಕಠಿಣವಾದ ಶಬ್ದಗಳನ್ನು ಹುಡುಕಲಿಲ್ಲ. ಜನರಿಗೆ ಪರಿಚಿತವಾಗಿದ್ದ ಹತ್ತಿಯ ಕಾರ್ಖಾನೆಯಿಂದಲೇ ಹೆಸರುಗಳನ್ನು ತೆಗೆದುಕೊಂಡನು. ಲೆಕ್ಕ ನಡೆಯುವ ಭಾಗವನ್ನು ಗಿರಣಿ ಎಂದೂ ಸಂಖ್ಯೆಗಳನ್ನು ಇರಿಸುವ ಭಾಗವನ್ನು ಉಗ್ರಾಣ ಎಂದೂ ಕರೆದನು. ಉಗ್ರಾಣದಿಂದ ನೂಲು ಗಿರಣಿಗೆ ಬಂದು, ಬಟ್ಟೆಯಾಗಿ ಉಗ್ರಾಣಕ್ಕೆ ಮರಳುವಂತೆ, ಸಂಖ್ಯೆಗಳು ಉಗ್ರಾಣದಿಂದ ಬಂದು ಗಿರಣಿಯಲ್ಲಿ ಕೂಡಿಕೆ, ಗುಣಾಕಾರಗಳನ್ನು ಹೊಂದಿ ಮತ್ತೆ ಉಗ್ರಾಣವನ್ನು ಸೇರಬೇಕಾಗಿತ್ತು. ಇಂದಿನ ಭಾಷೆಯಲ್ಲಿ ಗಿರಣಿಯೇ ಪ್ರೊಸೆಸರ್, ಉಗ್ರಾಣವೇ ಮೆಮೊರಿ. ಪ್ರೊಸೆಸರು ಚುರುಕಾಗಿದ್ದರೆ ಕೆಲಸ ಬೇಗ ಸಾಗುತ್ತದೆ. ಮೆಮೊರಿ ಹಿರಿದಾಗಿದ್ದರೆ ಒಮ್ಮೆಗೇ ಹೆಚ್ಚು ಸಾಮಗ್ರಿಯನ್ನು ಕೈಗೆಟುಕುವಂತೆ ಇರಿಸಿಕೊಳ್ಳಬಹುದು. ಗಿರಣಿ ದೊಡ್ಡದಾಗಿದ್ದು ಉಗ್ರಾಣ ಚಿಕ್ಕದಾದರೆ ಗಿರಣಿಯು ಸರಕಿಗಾಗಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ಕಂಪ್ಯೂಟರು ನಿಧಾನವಾಗುವುದಕ್ಕೆ ಇದೂ ಒಂದು ಕಾರಣ. ಬ್ಯಾಬೇಜನ ಯೋಜನೆಯೊಂದರಂತೆ ಆ ಉಗ್ರಾಣದಲ್ಲಿ ಐವತ್ತು ಅಂಕಿಗಳ ಒಂದು ಸಾವಿರ ಸಂಖ್ಯೆಗಳಿಗೆ ಸ್ಥಳವಿರಬೇಕಾಗಿತ್ತು.

ಇಂತಹ ಯಂತ್ರಕ್ಕೆ ಆದೇಶ ಕೊಡುವುದು ಹೇಗೆ? ಇದಕ್ಕೆ ಉತ್ತರವು ಬ್ಯಾಬೇಜನಿಗೆ ಮಗ್ಗದಲ್ಲಿ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಜಾಕಾರ್ಡ್ ಎಂಬಾತನು ರೇಷ್ಮೆಯ ಬಟ್ಟೆಯಲ್ಲಿ ಚಿತ್ತಾರಗಳನ್ನು ನೇಯಲು ರಟ್ಟುಗಳ ಸರವನ್ನು ಬಳಸುವ ಮಗ್ಗವನ್ನು ರೂಪಿಸಿದ್ದನು. ರಟ್ಟಿನಲ್ಲಿ ರಂಧ್ರವಿದ್ದ ಕಡೆ ಸೂಜಿ ತೂರಿಹೋಗಿ ಹಾಸಿನ ಎಳೆ ಮೇಲೇಳುತ್ತದೆ. ರಂಧ್ರವಿಲ್ಲದ ಕಡೆ ಎಳೆ ಏಳುವುದಿಲ್ಲ. ರಟ್ಟುಗಳನ್ನು ಬದಲಿಸಿದರೆ ಅದೇ ಮಗ್ಗವು ಹೂವಿನ ಬದಲು ಹಕ್ಕಿಯನ್ನು ನೇಯುತ್ತದೆ. ಕರ್ನಾಟಕದ ರೇಷ್ಮೆ ನೇಯ್ಗೆಯ ಊರುಗಳಲ್ಲಿಯೂ ಸೀರೆಯ ಸೆರಗಿಗೆ ಬುಟ್ಟಾ ಎತ್ತಲು ಜಾಕಾರ್ಡ್ ಮಗ್ಗಗಳು ಬಳಕೆಗೆ ಬಂದಿವೆ. ರೇಷ್ಮೆಯಲ್ಲಿ ನೇಯ್ದ ಜಾಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಬಳಿಯಿತ್ತು. ಅದನ್ನು ನೇಯಲು ಸುಮಾರು 24,000 ರಟ್ಟುಗಳು ಬೇಕಾಗಿದ್ದವು. ನೋಡಿದವರು ಅದನ್ನು ಅಚ್ಚು ಹಾಕಿದ ಚಿತ್ರವೆಂದೇ ಭ್ರಮಿಸುತ್ತಿದ್ದರು. ರಟ್ಟುಗಳು ಎಳೆಗಳನ್ನು ಆಳುವಂತೆ ಚಕ್ರಗಳನ್ನೂ ಏಕೆ ಆಳಬಾರದು ಎಂಬ ಯೋಚನೆಯಿಂದ ಬ್ಯಾಬೇಜನು ರಂಧ್ರದ ರಟ್ಟುಗಳನ್ನೇ ತನ್ನ ಯಂತ್ರಕ್ಕೆ ಆರಿಸಿಕೊಂಡನು.

ರಟ್ಟುಗಳಲ್ಲಿ ಆತನು ಬೇರೆಬೇರೆ ಬಗೆಗಳನ್ನು ಮಾಡಿದನು. ಕೆಲವು ಸಂಖ್ಯೆಗಳನ್ನು ಕೊಡುತ್ತಿದ್ದವು. ಕೆಲವು ಕೂಡು, ಕಳೆ, ಗುಣಿಸು, ಭಾಗಿಸು ಎಂಬ ಆದೇಶಗಳನ್ನು ಕೊಡುತ್ತಿದ್ದವು. ಮತ್ತೆ ಕೆಲವು, ಸಂಖ್ಯೆಯನ್ನು ಉಗ್ರಾಣದ ಯಾವ ಸ್ಥಳದಿಂದ ತರಬೇಕು, ಯಾವ ಸ್ಥಳದಲ್ಲಿ ಇರಿಸಬೇಕು ಎಂಬುದನ್ನು ತಿಳಿಸುತ್ತಿದ್ದವು. ಕೆಲಸಕ್ಕೆ ಒಳಗಾಗುವ ಸಾಮಗ್ರಿಯನ್ನು ಇಂದು ಡೇಟಾ ಅಥವಾ ದತ್ತಾಂಶವೆಂದು ಕರೆಯುತ್ತಾರೆ. ಅದನ್ನು ಯಂತ್ರಕ್ಕೆ ಒಪ್ಪಿಸುವುದೇ ಇನ್‌ಪುಟ್. ಯಂತ್ರವು ಮರಳಿಸುವ ಫಲವೇ ಔಟ್‌ಪುಟ್. ಕೈಗೆ ಸಿಕ್ಕುವ ಚಕ್ರ, ಸನ್ನೆ, ಕಂಬಗಳೆಲ್ಲ ಹಾರ್ಡ್‌ವೇರ್. ಆ ಚಕ್ರಗಳು ಹೇಗೆ ನಡೆದುಕೊಳ್ಳಬೇಕೆಂಬ ಆದೇಶಗಳೆಲ್ಲ ಸಾಫ್ಟ್‌ವೇರ್. ಮಗ್ಗವು ಹಾರ್ಡ್‌ವೇರಾದರೆ ಚಿತ್ತಾರವು ಸಾಫ್ಟ್‌ವೇರ್. ಮಗ್ಗವನ್ನು ಒಡೆಯದೆಯೇ ಚಿತ್ತಾರವನ್ನು ಬದಲಿಸಬಹುದು. ಒಂದೇ ಯಂತ್ರವು ಬೆಳಿಗ್ಗೆ ಪತ್ರವನ್ನೂ ಮಧ್ಯಾಹ್ನ ಲೆಕ್ಕವನ್ನೂ ಸಂಜೆ ಸಂಗೀತವನ್ನೂ ಒದಗಿಸುವುದರ ಗುಟ್ಟು ಇದರಲ್ಲಿಯೇ ಇದೆ.

ಬ್ಯಾಬೇಜನ ಚಕ್ರಗಳು ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳನ್ನು ತೋರಿಸುತ್ತಿದ್ದವು. ರಟ್ಟುಗಳಿಗಾದರೋ ಎರಡೇ ಸ್ಥಿತಿಗಳು: ರಂಧ್ರವಿದೆ ಅಥವಾ ರಂಧ್ರವಿಲ್ಲ. ಇಂದಿನ ಕಂಪ್ಯೂಟರು ಎಲ್ಲವನ್ನೂ ಈ ಬಗೆಯ ಎರಡು ಸ್ಥಿತಿಗಳಲ್ಲಿಯೇ, ಎಂದರೆ 0 ಮತ್ತು 1 ಎಂಬ ಗುರುತುಗಳಲ್ಲಿಯೇ, ಇರಿಸುತ್ತದೆ. ಅಂತಹ ಒಂದು ಗುರುತಿಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳ ಗುಂಪು ಒಂದು ಬೈಟ್. ಇದಲ್ಲದೆ ಬ್ಯಾಬೇಜನ ಯಂತ್ರವು ಫಲಿತಾಂಶವನ್ನು ಕಾಗದದ ಮೇಲೆ ಅಚ್ಚು ಮಾಡುವುದರ ಜೊತೆಗೆ ರಟ್ಟಿನಲ್ಲಿ ರಂಧ್ರಗಳಾಗಿಯೂ ಕೊರೆದು ಕೊಡಬೇಕಾಗಿತ್ತು. ಇದರ ಪ್ರಯೋಜನ ಗಮನಾರ್ಹವಾದುದು. ಚಕ್ರದ ಮೇಲಿನ ಸಂಖ್ಯೆಯು ಮತ್ತೊಂದು ಸಂಖ್ಯೆ ಬಂದು ಕುಳಿತೊಡನೆ ಅಳಿದುಹೋಗುತ್ತದೆ. ರಟ್ಟಿನಲ್ಲಿ ಕೊರೆದುದು ಉಳಿಯುತ್ತದೆ. ಕೆಲಸ ನಡೆಯುತ್ತಿರುವಾಗ ಬಳಸುವ ತಾತ್ಕಾಲಿಕ ಮೆಮೊರಿಗೂ ಕಡತಗಳನ್ನು ಶಾಶ್ವತವಾಗಿ ಕಾಪಾಡುವ ಡಿಸ್ಕಿಗೂ ಇರುವ ಭೇದವು ಇಂತಹುದೇ. ಸೇವ್ ಮಾಡುವುದು ಎಂದರೆ ಚಕ್ರದ ಮೇಲಿನ ಬರಹವನ್ನು ರಟ್ಟಿಗೆ ಇಳಿಸಿಟ್ಟುಕೊಳ್ಳುವುದು. ಹಾಗೆ ಮಾಡದೆ ಯಂತ್ರವನ್ನು ಆರಿಸಿದವರ ಶ್ರಮ ವ್ಯರ್ಥವಾಗುತ್ತದೆ.

ಯಂತ್ರಕ್ಕೆ ಹೆಚ್ಚಿನದೇನಾದರೂ ಬೇಕಾದಾಗ ಅದು ಗಂಟೆ ಬಾರಿಸಿ ಸೇವಕನನ್ನು ಕರೆಯುವಂತೆ ಬ್ಯಾಬೇಜನು ಯೋಚಿಸಿದ್ದನು. ಸೇವಕನು ತಪ್ಪಾದ ರಟ್ಟನ್ನು ತಂದುಕೊಟ್ಟರೆ ಯಂತ್ರವು ಅದನ್ನು ಪರೀಕ್ಷಿಸಿ, ಇನ್ನೂ ಗಟ್ಟಿಯಾಗಿ ಗಂಟೆ ಬಾರಿಸಬೇಕಾಗಿತ್ತು. ಇಂದಿನ ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಎಚ್ಚರಿಕೆಯ ಸಂದೇಶಕ್ಕೂ ಆ ಗಂಟೆಗೂ ಹೆಚ್ಚು ಅಂತರವಿಲ್ಲ. ಅದು ಬಳಸುವವನನ್ನು ಗದರಿಸುವ ದನಿಯಲ್ಲ. ತನಗೆ ಬಂದ ಸಾಮಗ್ರಿ ಸರಿಯಿಲ್ಲವೆಂದು ತಿಳಿಸುವ ಗಂಟೆ. ಆದರೆ ಎಲ್ಲ ತಪ್ಪುಗಳನ್ನೂ ಯಂತ್ರವು ಹಿಡಿಯಲಾರದು. ತಪ್ಪು ಅಂಕಿಗಳನ್ನು ಕೊಟ್ಟರೂ ನಿಮ್ಮ ಯಂತ್ರವು ಸರಿಯಾದ ಉತ್ತರ ಕೊಡುವುದೇ ಎಂದು ಪಾರ್ಲಿಮೆಂಟಿನ ಸದಸ್ಯರು ತನ್ನನ್ನು ಕೇಳಿದ್ದುದನ್ನು ಬ್ಯಾಬೇಜನು ಮುಂದೆ ಬರೆದಿಟ್ಟಿದ್ದಾನೆ. ಇಂತಹ ಪ್ರಶ್ನೆಯು ಯಾವ ವಿಧದ ಗೊಂದಲದಿಂದ ಹುಟ್ಟೀತೆಂಬುದೇ ಅವನಿಗೆ ಅರ್ಥವಾಗಲಿಲ್ಲವಂತೆ. ಬೇವು ಬಿತ್ತಿ ಮಾವಿನ ಫಲವನ್ನು ಬಯಸುವುದು ಯಂತ್ರದ ವಿಷಯದಲ್ಲಿಯೂ ಸಲ್ಲದು.

ಬ್ಯಾಬೇಜನ ಕಲ್ಪನೆಯನ್ನು ಅವನಷ್ಟೇ ಆಳವಾಗಿ ಅರಿತವರು ಬಹಳ ಕಡಿಮೆ. ಅಂಥವರಲ್ಲಿ ಅಗ್ರಗಣ್ಯಳು ಏಡಾ ಲವ್‌ಲೇಸ್. ಪ್ರಸಿದ್ಧ ಕವಿ ಬೈರನ್ನನ ಮಗಳಾದ ಈಕೆ 1815ರಲ್ಲಿ ಜನಿಸಿದಳು. 1833ರಲ್ಲಿ ತನ್ನ ತಾಯಿಯೊಡನೆ ಬ್ಯಾಬೇಜನ ಮನೆಗೆ ಬಂದು ವ್ಯತ್ಯಾಸಯಂತ್ರದ ಅಂಶವನ್ನು ನೋಡಿದಾಗ ಆಕೆಗೆ ಕೇವಲ ಹದಿನೇಳು ವರ್ಷ. ಇತರ ಅತಿಥಿಗಳು ಯಂತ್ರವನ್ನು ವಿನೋದದ ವಸ್ತುವೆಂದು ನೋಡುತ್ತಿದ್ದರೆ, ಗಣಿತವನ್ನು ಕಲಿಯುತ್ತಿದ್ದ ಈ ಹುಡುಗಿ ಅದರ ಕಾರ್ಯಕ್ರಮವನ್ನು ತಿಳಿಯಲು ಹಾತೊರೆದಳು. 1840ರಲ್ಲಿ ಬ್ಯಾಬೇಜನು ಇಟಲಿಯ ಟ್ಯೂರಿನ್ ನಗರದಲ್ಲಿ ತನ್ನ ಹೊಸ ಯಂತ್ರವನ್ನು ವಿವರಿಸಿದನು. ಅದನ್ನು ಕೇಳಿದ ಮೆನಾಬ್ರಿಯಾ ಎಂಬ ಎಂಜಿನಿಯರನು 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಏಡಾ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಮೂಲ ಲೇಖನಕ್ಕಿಂತ ಬಹಳ ದೀರ್ಘವಾದ ಟಿಪ್ಪಣಿಗಳನ್ನು ಸೇರಿಸಿ 1843ರಲ್ಲಿ ಹೊರತಂದಳು.

ಆ ಟಿಪ್ಪಣಿಗಳಲ್ಲಿ ಬರ್ನೂಲಿ ಸಂಖ್ಯೆಗಳೆಂಬ ಸಂಖ್ಯೆಗಳನ್ನು ಯಂತ್ರದಿಂದ ಪಡೆಯುವ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಪಟ್ಟಿ ಮಾಡಲಾಗಿದೆ. ಹಲವರು ಅದನ್ನು ಪ್ರಪಂಚದ ಮೊದಲ ಪ್ರೋಗ್ರಾಂ ಎಂದು ಗೌರವಿಸುತ್ತಾರೆ. ಅದರಲ್ಲಿ ಬ್ಯಾಬೇಜನ ಪಾಲೆಷ್ಟು, ಏಡಾಳ ಪಾಲೆಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಆದರೆ ಒಂದು ವಿಷಯದಲ್ಲಿ ಏಡಾಳ ದೃಷ್ಟಿ ಹೆಚ್ಚು ದೂರಕ್ಕೆ ಹರಿದಿತ್ತು. ಸಂಖ್ಯೆಗಳಂತೆಯೇ ನಿಯಮಕ್ಕೆ ಒಳಪಡುವ ಬೇರೆ ವಸ್ತುಗಳನ್ನೂ, ಉದಾಹರಣೆಗೆ ಸಂಗೀತದ ಸ್ವರಗಳನ್ನೂ, ಯಂತ್ರವು ನಡೆಸಬಲ್ಲುದೆಂದು ಆಕೆ ಕಂಡುಕೊಂಡಳು. ಯಂತ್ರವು ತಾನಾಗಿ ಯಾವುದನ್ನೂ ಹುಟ್ಟಿಸಲಾರದು, ಆದೇಶಿಸಲು ಮನುಷ್ಯನಿಗೆ ತಿಳಿದಿರುವುದನ್ನು ಮಾತ್ರ ಮಾಡೀತು ಎಂದೂ ಆಕೆ ಎಚ್ಚರಿಸಿದಳು. 1852ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿಯೇ ಏಡಾ ತೀರಿಕೊಂಡಳು. 1980ರ ಸುಮಾರಿಗೆ ರೂಪುಗೊಂಡ ಕಂಪ್ಯೂಟರ್ ಭಾಷೆಯೊಂದಕ್ಕೆ ಆಕೆಯ ಹೆಸರನ್ನು ಇಡಲಾಯಿತು.

ಇತ್ತ ಬ್ಯಾಬೇಜನ ಅದೃಷ್ಟ ತಿರುಗಲಿಲ್ಲ. ವ್ಯತ್ಯಾಸಯಂತ್ರಕ್ಕಾಗಿ ಸರ್ಕಾರವು ಒಟ್ಟು 17,000 ಪೌಂಡುಗಳಿಗೂ ಹೆಚ್ಚು ಹಣವನ್ನು ವೆಚ್ಚ ಮಾಡಿತ್ತು. ಅದು ಅಂದಿಗೆ ಬಹು ದೊಡ್ಡ ಮೊತ್ತ. ಆದರೆ ತೋರಿಸಲು ಪೂರ್ಣವಾದ ಯಂತ್ರವಿರಲಿಲ್ಲ. ಹೀಗಿರುವಾಗ ಮೊದಲನೆಯದು ಮುಗಿಯುವ ಮೊದಲೇ ಅದಕ್ಕಿಂತ ಮೇಲಾದ ಯಂತ್ರವೊಂದನ್ನು ಕಲ್ಪಿಸಿರುವೆನೆಂದು ಬ್ಯಾಬೇಜನು ತಿಳಿಸಿದಾಗ ಅಧಿಕಾರಿಗಳ ಸಂಶಯ ಇನ್ನಷ್ಟು ಬಲವಾಯಿತು. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲನ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಪೀಲನನ್ನು ಸ್ವತಃ ಕಂಡು ಮಾತನಾಡಿದ ಬ್ಯಾಬೇಜನು ತಾಳ್ಮೆಗೆಟ್ಟು, ತನ್ನ ಪಕ್ಷವನ್ನು ತಾನೇ ಕೆಡಿಸಿಕೊಂಡು ಹಿಂದಿರುಗಿದನು. ತನ್ನ ಮಾತನ್ನು ಅರಿಯದವರನ್ನು ಕಂಡರೆ ಆತನು ಸಿಡಿಮಿಡಿಗೊಳ್ಳುತ್ತಿದ್ದನು. ಒಂದು ನಕ್ಷೆ ಮುಗಿಯುವ ಮೊದಲೇ ಅದಕ್ಕಿಂತ ಉತ್ತಮವಾದುದು ಅವನಿಗೆ ಹೊಳೆಯುತ್ತಿತ್ತು. ಪರಿಪೂರ್ಣತೆಯ ಈ ಹಂಬಲವೇ ಪೂರ್ಣತೆಗೆ ಅಡ್ಡಿಯಾಯಿತು.

ಆದರೂ ಆತನು ಕೈಕಟ್ಟಿ ಕೂರಲಿಲ್ಲ. 1847ರಿಂದ 1849ರವರೆಗೆ ದುಡಿದು, ವಿಶ್ಲೇಷಣಯಂತ್ರದಿಂದ ಕಲಿತ ಪಾಠಗಳನ್ನು ಬಳಸಿ, ಹೆಚ್ಚು ಸರಳವಾದ ಎರಡನೆಯ ವ್ಯತ್ಯಾಸಯಂತ್ರದ ನಕ್ಷೆಗಳನ್ನು ರಚಿಸಿದನು. ಅದನ್ನೂ ಸರ್ಕಾರವು ಒಪ್ಪಲಿಲ್ಲ. ಈ ನಡುವೆ ಸ್ವೀಡನ್ನಿನ ಶೊಯಿಟ್ಸ್ ಎಂಬ ತಂದೆ ಮಗ ಇಬ್ಬರೂ ಬ್ಯಾಬೇಜನ ಯಂತ್ರದ ವರ್ಣನೆಯನ್ನು ಓದಿ, 1853ರಲ್ಲಿ ತಮ್ಮದೇ ಆದ ವ್ಯತ್ಯಾಸಯಂತ್ರವನ್ನು ಪೂರ್ಣಗೊಳಿಸಿದರು. ತನಗೆ ದಕ್ಕದ ಯಶಸ್ಸು ಅನ್ಯರಿಗೆ ದಕ್ಕಿದಾಗ ಅಸೂಯೆ ಪಡುವುದು ಸಹಜ. ಆದರೆ ಮುಂಗೋಪಿಯೆನಿಸಿದ್ದ ಬ್ಯಾಬೇಜನು ಅವರನ್ನು ಮನಃಪೂರ್ವಕವಾಗಿ ಸ್ವಾಗತಿಸಿ, ಅವರ ಕೀರ್ತಿ ಹರಡಲು ನೆರವಾದನು. ಅವನ ವ್ಯಕ್ತಿತ್ವದ ಹಿರಿಮೆ ಆ ಸಂದರ್ಭದಲ್ಲಿ ಬೆಳಗಿತು.

ಕೊನೆಯ ವರ್ಷಗಳು ಕಹಿಯಾಗಿದ್ದವು. ಬೀದಿಯ ವಾದ್ಯಗಾರರ ಗದ್ದಲವು ತನ್ನ ಚಿಂತನೆಗೆ ಭಂಗ ತರುತ್ತದೆಂದು ಆತನು ಅವರ ವಿರುದ್ಧ ಹೋರಾಡಿದನು. ಅವನನ್ನು ರೇಗಿಸಲೆಂದೇ ಜನರು ಮನೆಯ ಮುಂದೆ ವಾದ್ಯಗಳನ್ನು ನುಡಿಸುತ್ತಿದ್ದರು. 1864ರಲ್ಲಿ ಆತನು ತನ್ನ ಜೀವನದ ನೆನಪುಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. 1871ನೆಯ ಇಸವಿ ಅಕ್ಟೋಬರ್ 18ರಂದು, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ತನ್ನ ಮನೆಯಲ್ಲಿ ಕಣ್ಣುಮುಚ್ಚಿದನು. ಆತನು ಹಂಬಲಿಸಿದ ಯಂತ್ರಗಳಲ್ಲಿ ಒಂದೂ ಅವನ ಕಣ್ಣಮುಂದೆ ಪೂರ್ತಿಯಾಗಲಿಲ್ಲ. ಉಳಿದುದು ನಕ್ಷೆಗಳ ರಾಶಿ ಮತ್ತು ಕೆಲವು ಯಂತ್ರಭಾಗಗಳು.

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತಿನಿಂದ ನಡೆಯುವ ಕಂಪ್ಯೂಟರುಗಳು ಹುಟ್ಟಿದವು. ಅವುಗಳನ್ನು ಕಟ್ಟಿದವರಲ್ಲಿ ಅನೇಕರು ಬ್ಯಾಬೇಜನ ನಕ್ಷೆಗಳನ್ನು ನೋಡಿದವರಲ್ಲ. ಆದರೂ ಅವರು ನಡೆದು ತಲುಪಿದ ಸ್ಥಳದಲ್ಲಿ ಗಿರಣಿಯೂ ಉಗ್ರಾಣವೂ ಮೊದಲೇ ಗುರುತಾಗಿದ್ದವು. ಬ್ಯಾಬೇಜನ ಯಂತ್ರಗಳು ನಿಜವಾಗಿ ಕೆಲಸ ಮಾಡುತ್ತಿದ್ದವೇ ಎಂಬ ಪ್ರಶ್ನೆ ಮಾತ್ರ ಬಹುಕಾಲ ಉಳಿದಿತ್ತು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಅದಕ್ಕೆ ಉತ್ತರ ಕಂಡುಕೊಳ್ಳಲು ನಿರ್ಧರಿಸಿದರು. ಬ್ಯಾಬೇಜನ ಕಾಲದ ಕಾರ್ಯಾಗಾರಗಳಲ್ಲಿ ಸಾಧ್ಯವಾಗುತ್ತಿದ್ದಷ್ಟೇ ಕರಾರುವಾಕ್ಕುತನವನ್ನು ಮಿತಿಯಾಗಿ ಇರಿಸಿಕೊಂಡು, ಎರಡನೆಯ ವ್ಯತ್ಯಾಸಯಂತ್ರವನ್ನು ಅವನ ನಕ್ಷೆಗಳಂತೆಯೇ ಕಟ್ಟಿದರು. ಬ್ಯಾಬೇಜನು ಹುಟ್ಟಿ ಇನ್ನೂರು ವರ್ಷಗಳಾದ 1991ರಲ್ಲಿ ಅದರ ಲೆಕ್ಕ ಮಾಡುವ ಭಾಗವು ಪೂರ್ಣಗೊಂಡಿತು. ಸುಮಾರು 4000 ಬಿಡಿಭಾಗಗಳ ಆ ಯಂತ್ರದ ಹಿಡಿಯನ್ನು ತಿರುಗಿಸಿದಾಗ ಹಿತ್ತಾಳೆಯ ಚಕ್ರಗಳು ಅಲೆಅಲೆಯಾಗಿ ಸುತ್ತಿ ಸರಿಯಾದ ಉತ್ತರಗಳನ್ನು ಕೊಟ್ಟವು. 2002ರಲ್ಲಿ ಅದರ ಮುದ್ರಣಭಾಗವೂ ಸಿದ್ಧವಾಯಿತು.

ಬ್ಯಾಬೇಜನ ಲೆಕ್ಕ ತಪ್ಪಾಗಿರಲಿಲ್ಲ. ಅಂದು ಸರ್ಕಾರಕ್ಕೆ ತಾಳ್ಮೆ ಸಾಲದಾಯಿತು, ಅವನಿಗೂ ಸಾಲದಾಯಿತು. ಕಂಪ್ಯೂಟರಿನ ಮುಂದೆ ಮೊದಲ ಬಾರಿಗೆ ಕುಳಿತವರಿಗೆ ಅದರ ಮಾತುಗಳು ಅಪರಿಚಿತವೆನಿಸಿ ಅಳುಕು ಹುಟ್ಟುವುದುಂಟು. ಆದರೆ ಆ ಮಾತುಗಳ ಬೇರುಗಳು ಮಗ್ಗ, ಗಿರಣಿ, ಉಗ್ರಾಣಗಳ ಪರಿಚಿತ ಪ್ರಪಂಚದಲ್ಲಿವೆ. ಆಟಿಕೆಯನ್ನು ಕೈಯಲ್ಲಿ ಹಿಡಿದು ಇದರೊಳಗೆ ಏನಿದೆ ಎಂದು ಕೇಳಿದ ಬಾಲಕನು ತನ್ನ ಎಪ್ಪತ್ತೊಂಬತ್ತನೆಯ ವರ್ಷದವರೆಗೂ ಆ ಪ್ರಶ್ನೆಯನ್ನು ಬಿಡಲಿಲ್ಲ. ಅದೇ ಪ್ರಶ್ನೆಯನ್ನು ಅಂಜದೆ ಕೇಳುವವರಿಗೆ ಅವನ ಯಂತ್ರವೂ ಅದರ ಸಂತತಿಯೂ ಇಂದಿಗೂ ಉತ್ತರ ಕೊಡುತ್ತಲೇ ಇವೆ.